ಹೊಸ ತಂಡದ ಹಳೆಯ ಹಗೆ: ಚಾಲುಕ್ಯ ಫುಟ್‌ಬಾಲಿನ ಮೀಮಾಂಸೆ

ಲೀಗಿಗೆ ಹೊಸದಾಗಿ ಸೇರಿದ ತಂಡ ಮೊದಲ ಸೀಸನ್ನಿನಲ್ಲೇ ಗೆದ್ದು, ಗೆದ್ದ ಕೈಯಲ್ಲೇ ಬಾಳಿಕೆ ಬರುವಂಥ ಒಬ್ಬ ವೈರಿಯನ್ನೂ ಸಂಪಾದಿಸುವ ಪದ್ಧತಿ ಎಲ್ಲಿ ಹುಟ್ಟಿತೆಂದು ನಮ್ಮ ವಿದ್ವಾಂಸರು ಇದುವರೆಗೆ ಕೇಳಿಲ್ಲ. ಬಹುಶಃ ಅವರಿಗೆ ಬೇರೆ ಕೆಲಸವಿತ್ತು. ಲೋಕರೂಢಿಯಂತೆ ಇದು 2013ರ ಬೆಂಗಳೂರಿನ ಸಂಗತಿ. ಆ ವರ್ಷದ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ನೇರವಾಗಿ ಐ-ಲೀಗಿಗೆ ನುಗ್ಗಿತು. ಸೆಪ್ಟೆಂಬರ್ 22ರಂದು ಕೋಲ್ಕತ್ತದ ಮೋಹನ್ ಬಾಗಾನ್ ಜೊತೆ 1-1 ಡ್ರಾ ಮಾಡಿಕೊಂಡು ಖಾತೆ ತೆರೆಯಿತು. ಮರುವರ್ಷ ಏಪ್ರಿಲ್ 21ರಂದು ಗೋವೆಯ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಮಣಿಸಿ ಚಾಂಪಿಯನ್ ಆಯಿತು. ಈ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಬೆಂಗಳೂರಿನವರು ಮಾಡಿದ್ದು ನಕಲು. ಅಸಲು ಇರುವುದು ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಅದರ ಮಾಲೀಕರು ಕಲ್ಯಾಣದ ಚಾಲುಕ್ಯರು, ಎದುರಾಳಿಗಳು ತಂಜಾವೂರಿನ ಚೋಳರು.

ಸಾಕ್ಷ್ಯಕ್ಕೆ ಬರೋಣ. 973ರಲ್ಲಿ ಎರಡನೇ ತೈಲಪ ರಾಷ್ಟ್ರಕೂಟರ ಎರಡನೇ ಕರ್ಕನನ್ನು ಸೋಲಿಸಿ ಚೊಚ್ಚಲ ಸೀಸನ್ನಿನಲ್ಲೇ ಪಟ್ಟ ಗೆದ್ದ. ಮೊದಮೊದಲು ತವರು ಮೈದಾನ ಸೋತವರದೇ ಆದ ಮಾನ್ಯಖೇಟ; ಅದನ್ನು ಕಲ್ಯಾಣಕ್ಕೆ ಬದಲಿಸಿದವನು ಒಂದನೇ ಸೋಮೇಶ್ವರ. ಬೆಂಗಳೂರು ತಂಡವೂ ಅಶೋಕನಗರದಿಂದ ಕಂಠೀರವಕ್ಕೆ ಗಂಟುಮೂಟೆ ಕಟ್ಟಿದ್ದನ್ನು ಓದುಗರು ಬಲ್ಲರು. ಇನ್ನು ಹಗೆತನ. ಚೋಳರು ಒಂಬತ್ತು ಲಕ್ಷ ದಂಡು ತಂದು ಹೆಂಗಸರು ಮಕ್ಕಳೆನ್ನದೆ ಕೊಂದರೆಂದು 1007ರ ಹೊಟ್ಟೂರು ಶಾಸನ ಗೋಳಿಡುತ್ತದೆ. ಒಂದು ಕಡೆ ಹನ್ನೊಂದೇ ಜನ ಇರಬೇಕೆಂಬ ನಿಯಮದ ಉಲ್ಲಂಘನೆಯನ್ನು ರೆಫರಿಯ ಗಮನಕ್ಕೆ ತಂದ ಮೊದಲ ಕನ್ನಡ ದಾಖಲೆ ಇದೇ ಇರಬೇಕು. 1054ರ ಕೊಪ್ಪಂ ಪಂದ್ಯ ಇನ್ನೂ ಸ್ವಾರಸ್ಯದ್ದು. ಆನೆಯ ಮೇಲಿದ್ದ ಚೋಳ ನಾಯಕ ರಾಜಾಧಿರಾಜ ಅಲ್ಲೇ ಮಡಿದ. ಕೂಡಲೇ ತಮ್ಮ ಎರಡನೇ ರಾಜೇಂದ್ರ ರಣರಂಗದಲ್ಲೇ ಕಿರೀಟ ತೊಟ್ಟು ಆಟ ಮುಂದುವರಿಸಿದ. ಬದಲಿ ಆಟಗಾರನೇ ನಾಯಕನ ಪಟ್ಟಿ ಕಟ್ಟಿಕೊಂಡು ಇಳಿದ ಇಂಥ ನಿದರ್ಶನ ಯುರೋಪಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಗೆದ್ದದ್ದು ತಾವೆಂದು ಚೋಳರು ಬರೆಸಿದರು, ಎದುರು ನಾಯಕನನ್ನು ಕೆಡವಿದ್ದು ತಾವೆಂದು ನಮ್ಮವರು ಬರೆಸಿದರು. ಆ ಕೊಪ್ಪಂ ಇಂದಿನ ಕೊಪ್ಪಳವೋ ಖಿದ್ರಾಪುರವೋ ಎಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ನಡೆದಿದೆ. ಮುಂದೆ ಕೂಡಲಸಂಗಮಕ್ಕೆ ಬರುತ್ತೇನೆಂದ ಸೋಮೇಶ್ವರ ಬರಲೇ ಇಲ್ಲ, ವೀರರಾಜೇಂದ್ರ ಕಾದು ಕಾದು ತುಂಗಭದ್ರೆಯ ದಡದಲ್ಲಿ ವಿಜಯಸ್ತಂಭ ನೆಟ್ಟ ಎಂದು ಚೋಳ ಶಾಸನ ಹೇಳುತ್ತದೆ. ವಾಕೋವರ್ ಎಂದರೆ ಇದೇ. 2023ರ ಮಾರ್ಚ್ 3ರಂದು ಸುನಿಲ್ ಛೆಟ್ರಿ ಹೊಡೆದ ಫ್ರೀಕಿಕ್ ಒಪ್ಪದೆ ಕೇರಳ ಬ್ಲಾಸ್ಟರ್ಸ್ ಕಂಠೀರವದಿಂದ ಎದ್ದು ಹೋದದ್ದು ಇದೇ ಪರಂಪರೆಯಲ್ಲಿ. ಅವರು ಮೈದಾನಕ್ಕೆ ಬಂದಮೇಲೆ ಹೋದರು, ಸೋಮೇಶ್ವರ ಬಸ್ಸಿನ ಖರ್ಚೂ ಉಳಿಸಿದ.

ಚಾಲುಕ್ಯರು ಆಡಿದ್ದು ಫುಟ್‌ಬಾಲೇ ಅಲ್ಲವಲ್ಲ ಎಂದು ಕೆಲವರು ಮೂಗೆಳೆಯಬಹುದು. ಅವರು ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ವನ್ನು ನೋಡಬೇಕು. ಕುದುರೆ ಏರಿ, ಕೋಲಿನಿಂದ ಚೆಂಡು ಹೊಡೆದು, ತೋರಣ ದಾಟಿಸುವ ಆಟ ಅದರಲ್ಲಿದೆ. ಕುದುರೆಯಿಂದ ಇಳಿದು ಕೋಲು ಬಿಸಾಡಿದರೆ ಉಳಿಯುವುದೇನು? ತೈಲಪ ತಾನು ಬಾದಾಮಿ ಚಾಲುಕ್ಯರ ವಂಶದವನೆಂದು ಹೇಳಿಕೊಂಡಿದ್ದನಲ್ಲ, ಅದು ಹೊಸ ತಂಡ ಹೇಗಾದೀತು ಎಂಬ ತಕರಾರೂ ಇದೆ. ಐಟಿಐ, ಎಚ್‌ಎಎಲ್ ತಂಡಗಳು ಆಡಿ ದಣಿದ ಊರಿನಲ್ಲೇ ಬೆಂಗಳೂರು ಎಫ್‌ಸಿ ಹೊಸದೆನಿಸಿಕೊಳ್ಳಲಿಲ್ಲವೇ? ಹಳೆಯ ಹೆಸರಿಗೆ ಹೊಸ ಜೆರ್ಸಿ ತೊಡಿಸುವುದೇ ಫ್ರಾಂಚೈಸಿ ಧರ್ಮ. ಆರನೇ ವಿಕ್ರಮಾದಿತ್ಯನಂತೂ 1076ರಲ್ಲಿ ಶಕವರ್ಷವನ್ನೇ ಬದಿಗಿಟ್ಟು ಸೀಸನ್ನುಗಳನ್ನು ತನ್ನ ಪಟ್ಟಾಭಿಷೇಕದಿಂದ ಎಣಿಸಲು ಶುರುಮಾಡಿದ. ಹೊರನಾಡಿನ ಕೋಟಾದಲ್ಲಿ ಕಾಶ್ಮೀರದಿಂದ ಬಂದ ಕವಿ ಬಿಲ್ಹಣನನ್ನು ಸೇರಿಸಿಕೊಂಡ.

ಗಟ್ಟಿಯಾದ ಆಕ್ಷೇಪವೊಂದೇ: ವೈರಿ ಬೇಕಿದ್ದರೆ ಪಕ್ಕದ ಹುಮ್ನಾಬಾದ್ ಇರಲಿಲ್ಲವೇ? ಸಾಮಗ್ರಿಗೇನೂ ಕೊರತೆಯಿಲ್ಲ. ಹುಮ್ನಾಬಾದಿಗೆ ಹೆದ್ದಾರಿಯಿದೆ, ರೈಲಿದೆ. ಬಸವಕಲ್ಯಾಣಕ್ಕೆ ಹೊರಟವರು ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು. ಇವರಿಗೆ ಕೋಟೆಯಿದೆ, 108 ಅಡಿಯ ಬಸವಣ್ಣನಿದ್ದಾನೆ. ಅವರಿಗೆ ವೀರಭದ್ರೇಶ್ವರ, ಮಾಣಿಕಪ್ರಭು. ಆದರೂ ಜಾತ್ರೆಗೆ ಅತ್ತಿತ್ತ ಓಡಾಡುವ ಬೀಗರ ನಡುವೆ ಹುಟ್ಟುವುದು ಮುನಿಸೇ ಹೊರತು ಹಗೆಯಲ್ಲ ಎಂದು ವಾದಿಸಬಹುದಿತ್ತು. ಅಡ್ಡಿಯೆಂದರೆ ವೀರರಾಜೇಂದ್ರ ತನ್ನ ಮಗಳನ್ನು ಇದೇ ವಿಕ್ರಮಾದಿತ್ಯನಿಗೆ ಕೊಟ್ಟಿದ್ದ, ಆಮೇಲೂ ಕಾದಾಟ ನಿಲ್ಲಲಿಲ್ಲ. ಆದ್ದರಿಂದ ಬೀಗತನವನ್ನು ಕೈಬಿಟ್ಟು ದೂರವನ್ನು ಹಿಡಿಯಬೇಕಾಗುತ್ತದೆ. ಹೊಸ ತಂಡದ ವೈರಿ ದೂರದವನಾಗಿರಬೇಕು, ವಯಸ್ಸಿನಲ್ಲಿ ಹಿರಿಯನಾಗಿರಬೇಕು, ಒಮ್ಮೆಯಾದರೂ ಮನೆಗೆ ಬಂದು ಏನಾದರೂ ಹೊತ್ತೊಯ್ದಿರಬೇಕು. ಮೋಹನ್ ಬಾಗಾನ್ 1889ರದ್ದು. 2015ರ ಮೇ 31ರಂದು ಕಂಠೀರವದಲ್ಲಿ ಸೋಲಿನ ಅಂಚಿನಲ್ಲಿದ್ದಾಗ ಬೆಲ್ಲೊ ರಜಾಕ್ ಕೊನೆಯ ನಿಮಿಷಗಳಲ್ಲಿ ತಲೆಯಿಂದ ಗೋಲು ಹೊಡೆದ. 1-1 ಡ್ರಾದಲ್ಲೇ ಲೀಗ್ ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ಕಪ್ಪುಕಲ್ಲಿನ ದ್ವಾರಪಾಲಕನೊಬ್ಬನನ್ನು ಹೊತ್ತೊಯ್ದ. ಎಲ್ಲಿಂದ ತಂದದ್ದೆಂದು ಅದರ ಪೀಠದ ಮೇಲೆ ತಮಿಳಿನಲ್ಲಿ ಕೊರೆಸಿಯೂ ಬಿಟ್ಟ. ಕಪ್ಪಿನ ಮೇಲೆ ಗೆದ್ದವರ ಹೆಸರು ಕೆತ್ತುವ ಸಂಪ್ರದಾಯ ಹೀಗೆ ಬಂತು. ಹುಮ್ನಾಬಾದಿನವರು ಕಲ್ಯಾಣದಿಂದ ಒಂದು ಇಟ್ಟಿಗೆಯನ್ನೂ ಒಯ್ದ ದಾಖಲೆಯಿಲ್ಲ.

ಹಾಗೆಂದು ಹುಮ್ನಾಬಾದಿಗೆ ಈ ಸಿದ್ಧಾಂತದಲ್ಲಿ ಜಾಗವೇ ಇಲ್ಲವೆಂದಲ್ಲ. ಬಾಕಿ ಉಳಿದ ಕೂಡಲಸಂಗಮದ ಪಂದ್ಯವನ್ನು ಯಾರಾದರೂ ಮತ್ತೆ ಏರ್ಪಡಿಸುವುದಾದರೆ ತಟಸ್ಥ ಮೈದಾನ ಅದೇ ಆಗಬೇಕು. ಚೋಳ ಅಭಿಮಾನಿಗಳು ರೈಲಿನಲ್ಲಿ ಬಂದಿಳಿಯಬಹುದು. ಇದರಲ್ಲೂ ಹುಮ್ನಾಬಾದಿಗೇ ಅನುಕೂಲವಾಯಿತೆಂದು ಬಸವಕಲ್ಯಾಣದವರು ತಕರಾರು ತೆಗೆದರೆ, ಅದನ್ನು ಹೊಟ್ಟೂರಿನ ಮಾದರಿಯಲ್ಲಿ ಕಲ್ಲಿನ ಮೇಲೆ ಬರೆದು ಸಲ್ಲಿಸತಕ್ಕದ್ದು.