ನೋಂದಣಿಗೆ 5,000, ಹಿಂಸೆಗೆ 50

ನಾಯಿಮರಿ ಮಾರುವ ದಂಧೆಗೆ ಹೇಳೋರು ಕೇಳೋರು ಇಲ್ಲ ಎಂದು ಗೊಣಗುವವರು 2017ರ ಕೇಂದ್ರದ ನಿಯಮಾವಳಿಯನ್ನು ಒಮ್ಮೆ ಓದಬೇಕು. ಬ್ರೀಡರ್ ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯನ್ನು ಕ್ರಾಸಿಂಗಿಗೆ ಬಿಡಕೂಡದು. ಹುಟ್ಟಿದ್ದು, ಸತ್ತದ್ದು, ಮಾರಿದ್ದು ಎಲ್ಲಕ್ಕೂ ಲೆಕ್ಕದ ಪುಸ್ತಕ ಬೇಕು. ಓದುತ್ತಾ ಹೋದರೆ ಮುಂದಿನ ಜನ್ಮದಲ್ಲಿ ನಾಯಿಯಾಗಿಯೇ ಹುಟ್ಟೋಣ ಅನಿಸುತ್ತದೆ.

ನೋಂದಣಿ ಶುಲ್ಕ 5,000 ರೂಪಾಯಿ. ಈ ನಿಯಮಗಳನ್ನು ಹೆತ್ತದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಸೆಕ್ಷನ್ನಿನಂತೆ, ಮೊದಲ ಸಲ ಹಿಂಸೆ ಮಾಡಿ ಸಿಕ್ಕಿಬಿದ್ದವನಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿವರೆಗೆ. ಕಾನೂನಿಗೆ ತಲೆಬಾಗುವವನು ಐದು ಸಾವಿರ ಎಣಿಸಬೇಕು, ಪ್ರಾಣಿಯನ್ನು ಗೋಳುಹೊಯ್ದುಕೊಳ್ಳುವವನು ಒಂದು ಮಸಾಲೆದೋಸೆ ಬಿಟ್ಟರೆ ಸಾಕು. ಮರಿಯ ಬಿಲ್ಲಿನಲ್ಲೇ ಬೆಲ್ಟಿಗಿಷ್ಟು, ಬಟ್ಟಲಿಗಿಷ್ಟು, ಹಿಂಸೆಗೆ ಐವತ್ತು ಎಂದು ಸೇರಿಸಿಬಿಟ್ಟರೆ ಕೋರ್ಟಿನ ಸಮಯವೂ ಉಳಿಯುತ್ತದೆ.

ಬೆಂಗಳೂರಿನಲ್ಲಿ ವ್ಯಾಪಾರ ನಡೆಯುವುದು ಹೀಗೆ: ವಾಟ್ಸ್ಆ್ಯಪ್‌ನಲ್ಲಿ ಫೋಟೋ, ಫೋನ್‌ಪೇಯಲ್ಲಿ ಅಡ್ವಾನ್ಸು, ಮೆಟ್ರೋ ಪಿಲ್ಲರ್ ಪಕ್ಕ ಸ್ಕೂಟರು. ಮುಂದೆ ಕಾಲಿಡುವ ಜಾಗದಲ್ಲಿ ರಟ್ಟಿನ ಡಬ್ಬಿ, ಡಬ್ಬಿಯೊಳಗೆ ನಡುಗುವ ಮರಿ.

"ಎಷ್ಟು ದಿನದ್ದು?"

"ಕರೆಕ್ಟಾಗಿ ನಲವತ್ತೈದು ದಿನ ಸಾರ್."

ಎಂಟು ವಾರವೆಂದರೆ ಐವತ್ತಾರು ದಿನ ಎಂದು ಆ ಟ್ರಾಫಿಕ್ಕಿನಲ್ಲಿ ಮಗ್ಗಿ ಹೇಳುವವರ್ಯಾರು?

"ತಾಯಿನ ಒಂದ್ಸಲ ನೋಡಬಹುದಾ?"

"ಅದು ಫಾರ್ಮಲ್ಲಿದೆ ಸಾರ್, ತುಂಬಾ ದೂರ."

"ಇದು ಅದರ ಎಷ್ಟನೇ ಸೂಲು?"

"ಅದನ್ನೆಲ್ಲಾ ಯಾರು ನೆನಪಿಟ್ಕೋತಾರೆ? ನೀವು ಕಲರ್ ನೋಡಿ ಸಾರ್!"

ಫಾರ್ಮ್ ಎಂದರೆ ತಗಡಿನ ಶೆಡ್ಡು. ತಾಯಿ ಎಂದರೆ ಪ್ರತಿ ಹೀಟಿಗೂ ಕ್ರಾಸಿಂಗಾಗಿ, ಮೊಲೆ ಜೋತುಬಿದ್ದ ಒಂದು ಜೀವ. ಗಿರಾಕಿಗೆ ಅದನ್ನು ತೋರಿಸಿದರೆ ಕಲರ್ ನೋಡುವ ಮನಸ್ಸು ಉಳಿದೀತೆ?

ಬಿಗಿ ಮಾಡಿ ಎಂದರೆ 'ಉದ್ಯಮದ ಹಿತವನ್ನೂ ನೋಡಬೇಕಲ್ಲ' ಎಂಬ ಉತ್ತರ ಸಿದ್ಧವಿರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಯಾವ ಉದ್ಯಮ? ನಾಯಿಯ ಸೊಂಟದ ಎಕ್ಸ್‌ರೇ ತೆಗೆಸಿ, ಲಸಿಕೆ ಹಾಕಿಸಿ, ತಾಯಿಗೆ ಒಂದು ವರ್ಷ ಬಿಡುವು ಕೊಟ್ಟು, ಕೊಳ್ಳಬಂದವರ ಮನೆ ನೋಡಿ 'ನಿಮಗೆ ಕೊಡಲ್ಲ' ಎನ್ನುವ ಬ್ರೀಡರುಗಳೂ ಇದ್ದಾರೆ. ಸ್ಕೂಟರಿನವನ ರೇಟಿಗೆ ಮರಿ ಕೊಡಲು ಅವರಿಂದಾಗದು. ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ನಿಯಮವಲ್ಲ, ನಿಯಮವನ್ನು ಕಡತದಲ್ಲಿ ಮಲಗಿಸಿದ ಇಲಾಖೆ.

ಇಲಾಖೆಗಳಿಗೆ ಎಚ್ಚರವಾಗುವುದೇ ಇಲ್ಲ ಎನ್ನುವಂತಿಲ್ಲ. 2024ರ ಮಾರ್ಚಿನಲ್ಲಿ ಕೇಂದ್ರಕ್ಕೆ ದಿಢೀರನೆ ಎಚ್ಚರವಾಯಿತು. ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳು ಉಗ್ರ. ಮಾರಬೇಡಿ, ಮರಿ ಮಾಡಿಸಬೇಡಿ, ಮನೆಯಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂದು ಸುತ್ತೋಲೆ ಹೊರಟಿತು. ಸಂಬಂಧಪಟ್ಟವರನ್ನು ಒಂದು ಮಾತೂ ಕೇಳಿಲ್ಲವಲ್ಲ ಎಂದು ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ಒಂದು ತಿಂಗಳೂ ಬಾಳಲಿಲ್ಲ.

ಆ ಪಟ್ಟಿಯಲ್ಲಿ ಪಗ್ ಇರಲಿಲ್ಲ. ಮುಖ ಚಪ್ಪಟೆಯಾದಷ್ಟೂ ಮುದ್ದು ಎಂದು ತಲೆಮಾರುಗಟ್ಟಲೆ ಮೂತಿ ಒತ್ತಿ ಒತ್ತಿ, ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರಿಗೆ ಒದ್ದಾಡುವಂತೆ ಮಾಡಿಟ್ಟಿರುವ ತಳಿ ಅದು. ಅದರ ಬಗ್ಗೆ ಯಾವ ಇಲಾಖೆಗೂ ಆತಂಕವಿಲ್ಲ. ಪಾಪ, ಅದು ಯಾರನ್ನೂ ಕಚ್ಚುವುದಿಲ್ಲ.