ಎಣ್ಣೆ ಮೇಷ್ಟ್ರು

ಕೆರಗೋಡಿನಲ್ಲಿ ‘ಎಣ್ಣೆ ಮೇಷ್ಟ್ರ ಮನೆ ಎಲ್ಲಿ?’ ಎಂದು ಕೇಳಿದರೆ ಮಕ್ಕಳೂ ದಾರಿ ತೋರಿಸುತ್ತವೆ. ಮಂಡ್ಯ ಸೀಮೆಯಲ್ಲಿ ಎಣ್ಣೆ ಎಂದರೆ ಏನೆಂದು ಬಲ್ಲ ಹೊಸಬರು ಮಾತ್ರ ಸ್ವಲ್ಪ ತಡವರಿಸುತ್ತಾರೆ. ಗಾಬರಿ ಬೇಡ, ಮೇಷ್ಟ್ರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಕುಡಿಯುವುದು ಅವರ ಕಾರು.

ಕಾರು ಮಾರುತಿ 800. ಮೂರು ಸಿಲಿಂಡರು, 796 ಸಿಸಿ, ಕಾರ್ಬುರೇಟರ್ ಕಾಲದ್ದು. ‘ಕಂಪನಿಯವ್ರು 2014ರಲ್ಲೇ ಇದ ನಿಲ್ಲಿಸಿಬುಟ್ರು. ನಾನು ನಿಲ್ಲಿಸಿದ್ನಾ?’ ಎಂದು ಮೇಷ್ಟ್ರು ಎದೆಯುಬ್ಬಿಸುತ್ತಾರೆ. ಅವರು ನಿಲ್ಲಿಸಿಲ್ಲ ನಿಜ, ಎಷ್ಟೋ ಸಲ ಅದೇ ನಿಂತಿದೆ.

ಬೆಳಿಗ್ಗೆ ಸ್ನಾನವಾಗಿ ವಿಭೂತಿ ಇಟ್ಟಮೇಲೆ ಬಾನೆಟ್ ಎತ್ತುತ್ತಾರೆ. ಡಿಪ್‌ಸ್ಟಿಕ್ ಎಳೆದು, ಹಳೇ ಪಂಚೆಯ ಚೂರಿನಲ್ಲಿ ಒರೆಸಿ, ಮತ್ತೆ ಅದ್ದಿ, ಉತ್ತರಪತ್ರಿಕೆ ತಿದ್ದುವಂತೆ ಕನ್ನಡಕದ ಕೆಳಗಿಂದ ನೋಡುತ್ತಾರೆ. ಎರಡು ಗೆರೆಗಳ ನಡುವೆ ಇದ್ದರೆ ಪಾಸು. ಕಮ್ಮಿಯಿದ್ದರೆ ಗ್ರೇಸ್ ಮಾರ್ಕಿನ ಹಾಗೆ ಕಾಲು ಲೀಟರು ಸುರಿಯುತ್ತಾರೆ. ಹಳೆಯದನ್ನು ಇಳಿಸುವ ಮಾತೇ ಇಲ್ಲ. ‘ಕಮ್ಮಿಯಾದಂಗೆಲ್ಲ ಹೊಸಾದು ಹಾಕ್ತಾನೇ ಇವ್ನಿ. ಬದಲಾಯ್ಸೋದು ಇನ್ನೇನೈತೆ? ಕೆರೆ ನೀರ ಯಾರಾದ್ರೂ ಬದಲಾಯಿಸ್ತಾರಾ?’

ಈ ಕುಲದವರು ಮದ್ದೂರಿನಲ್ಲೂ ಇದ್ದಾರೆ, ಮಳವಳ್ಳಿಯಲ್ಲೂ ಇದ್ದಾರೆ. ಒಬ್ಬರದು ಅಂಬಾಸಿಡರ್, ಇನ್ನೊಬ್ಬರದು ಜೀಪು, ಮಂತ್ರ ಮಾತ್ರ ಒಂದೇ: ‘ಓಡ್ತಾ ಇರೋದ ಬಿಚ್ಚಬ್ಯಾಡಿ.’

ಇದೇ ಮೇಷ್ಟ್ರು ಸಂಜೆ ಬೋಂಡದಂಗಡಿ ಮುಂದೆ ನಿಂತರೆ ಬೇರೆಯೇ ಮನುಷ್ಯ. ಬೋಂಡವನ್ನು ಮೂಸಿ, ‘ನೆನ್ನೆ ಎಣ್ಣೆ ಕನಯ್ಯ ಇದು, ಎದೇಗೆ ಅಂಟ್ಕತದೆ’ ಎಂದು ತಟ್ಟೆಗೇ ವಾಪಸು ಹಾಕುತ್ತಾರೆ. ಕಾದೂ ಕಾದೂ ಬಾಣಲೆಯ ಅಂಚಿಗೆ ಹತ್ತಿದ ಕಂದು ಅಂಟನ್ನು ಬೆರಳಿಟ್ಟು ತೋರಿಸುತ್ತಾರೆ. ಕಾರಿನೊಳಗೂ ಎಣ್ಣೆಗೆ ಅದೇ ಪಾಡು ಎಂದರೆ ಮಾತ್ರ ಅವರ ಕಿವಿ ಮಂದವಾಗುತ್ತದೆ.

ಮೊನ್ನೆ ಮಂಡ್ಯದಿಂದ ಬರುವಾಗ ಆಯಿಲ್ ದೀಪ ಮಿಣುಕಿತು. ಮೇಷ್ಟ್ರು ಬಲ್ಬನ್ನು ಬೈದರು. ಟ್ಯಾಪೆಟ್ ಟಿಕಟಿಕ ಅಂದಿತು. ಟೇಪ್ ರೆಕಾರ್ಡರ್ ಜೋರು ಮಾಡಿದರು. ಪಕ್ಕದಲ್ಲಿದ್ದ ಮನೆಯವರು ಅದನ್ನು ಆರಿಸಿ, ಮೇಷ್ಟ್ರ ಹಳೇ ಶಿಷ್ಯನ ಗ್ಯಾರೇಜು ಬಂದದ್ದೇ ‘ನಿಲ್ಸಿ’ ಎಂದರು. ಹೈಸ್ಕೂಲಿಗೆಲ್ಲ ಹೆಡ್‌ಮಾಸ್ಟರಾಗಿದ್ದವರು ನಿಲ್ಲಿಸಿದರು.

ಶಿಷ್ಯ ಟ್ಯಾಪೆಟ್ ಕವರ್ ಬಿಚ್ಚಿದ. ಒಳಗೆಲ್ಲ ಜೋನಿಬೆಲ್ಲ ಬಳಿದ ಹಾಗೆ ಹೊಂಗಂದು ಪೊರೆ, ಒರೆಸಿದರೆ ಬರುವುದಲ್ಲ. ಮೂಲೆಗಳಲ್ಲಿ ಕರೀ ಗಸಿ.

‘ಇದೇನ್ಲಾ, ನಿನ್ನ ಪರೀಕ್ಷೆ ಪೇಪರಿಗಿಂತ ಗಲೀಜಾಗೈತೆ!’

‘ಸಾ, ನಿಮ್ಮ ಆಲೆಮನೇಲಿ ಕಬ್ಬಿನಾಲು ಕಾಯಿಸೋವಾಗ ಬೆಂಡೆ ಲೋಳೆ ಯಾಕಾಕ್ತೀರ?’

‘ಮಡ್ಡಿ ಮೇಲಕ್ಕೆ ಬರ್ಲಿ ಅಂತ.’

‘ಲೋಳೇನೂ ಹಾಕ್ದೆ, ಮಡ್ಡೀನೂ ತೆಗೀದೆ ಕಾಯಿಸ್ತಾನೇ ಇದ್ರೆ?’

‘ತಳ ಹಿಡೀತದೆ.’ ಹೇಳಿದ ಮೇಲೆ ಮೇಷ್ಟ್ರಿಗೆ ತಾವು ಬೆಂಚಿನ ಮೇಲೆ ನಿಂತಿದ್ದೇವೆ ಎನಿಸಿತು.

ಶಿಷ್ಯ ಬಿಡಿಸಿ ಹೇಳಿದ. ಇಂಜಿನ್ನಿನ ಶಾಖಕ್ಕೆ ಗಾಳಿಯೂ ಸೇರಿ ಎಣ್ಣೆ ಹಳಸುತ್ತದೆ. ಅದರಲ್ಲಿ ಬೆರೆಸಿರುವ ಡಿಟರ್ಜೆಂಟು ಬೆಂಡೆ ಲೋಳೆಯ ಹಾಗೆ ಕೊಳೆಯನ್ನು ಹಿಡಿದುಕೊಂಡಿರುತ್ತದೆ. ಅದು ಸತ್ವ ಕಳೆದುಕೊಂಡರೆ ಅಂಟು ಲೋಹಕ್ಕೆ ಕೂರುತ್ತದೆ, ಅದೇ ವಾರ್ನಿಷ್. ಗಸಿ ಕೆಳಗಿನ ಜಾಲರಿಗೆ ಕಟ್ಟಿಕೊಂಡರೆ ಮೇಲಿನ ಕ್ಯಾಮ್‌ಶಾಫ್ಟಿಗೆ ಎಣ್ಣೆ ಸರಿಯಾಗಿ ಏರುವುದಿಲ್ಲ. ಜೊತೆಗೆ ಮೇಷ್ಟ್ರ ಕಾರು ಮನೆಯಿಂದ ಬೋಂಡದಂಗಡಿಗೆ ಹೋಗಿ ಬರುವಷ್ಟರಲ್ಲಿ ಇಂಜಿನ್ನು ಪೂರ್ತಿ ಕಾಯುವುದೇ ಇಲ್ಲ. ಒಳಗಿನ ತೇವ ಆರದೆ, ಎಣ್ಣೆ ಮುಚ್ಚಳದಡಿ ಕಾಫಿ ಕೆನೆ ಕಟ್ಟಿತ್ತು.

ಮೇಷ್ಟ್ರು ಕೊನೆಯ ಅಸ್ತ್ರ ಬಿಟ್ಟರು: ‘ಹಂಗಂತ ಪೂರಾ ತೊಳೆದುಬುಡಬ್ಯಾಡ ಕನ್ಲಾ. ಹಳೇ ಇಂಜಿನ್ನು, ಕೊಳೇಲೇ ನಿಂತೈತೆ.’

‘ಅರ್ಧ ಮಾರ್ಕು ಕೊಡಬೋದು ಸಾ. ಒಂದೇ ಏಟಿಗೆ ಫ್ಲಶ್ ಮಾಡಿದ್ರೆ ಗಸಿ ಎದ್ದು ಜಾಲರಿ ಕಟ್ಕತದೆ, ಅದು ದಿಟ. ಅದ್ಕೇ ನಿದಾನಕ್ಕೆ.’ ಚೇಂಬರ್ ಇಳಿಸಿ, ಜಾಲರಿ ತೊಳೆದು, ಹೊಸ ಫಿಲ್ಟರು, ಹೊಸ ಎಣ್ಣೆ ಹಾಕಿದ. ಸಾವಿರ ಕಿಲೋಮೀಟರಿಗೆ ಮತ್ತೆ ಬರಬೇಕು, ಆಮೇಲೆ 5,000 ಕಿಲೋಮೀಟರಿಗೋ ಆರು ತಿಂಗಳಿಗೋ, ಯಾವುದು ಮೊದಲೋ ಅದು. ‘ಹೊಸ ಎಣ್ಣೆ ಬ್ಯಾಗ ಕಪ್ಪಾಯ್ತು ಅಂತ ನನ್ನ ಬಯ್ಯಬ್ಯಾಡಿ. ಕೊಳೆ ಎತ್ತತಾ ಐತೆ ಅಂತ ತಿಳ್ಕಳಿ.’

ಇಳಿಸಿದ ಎಣ್ಣೆಯನ್ನು ಮೇಷ್ಟ್ರು ಬಿಟ್ಟು ಬರಲಿಲ್ಲ. ಕೊಟ್ಟಿಗೆ ಕಂಬಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಕ್ಯಾನಿಗೆ ಹುಯ್ಯಿಸಿಕೊಂಡು, ಅಭ್ಯಾಸಬಲದಿಂದ ಒಮ್ಮೆ ಮೂಸಿ ನೋಡಿದರು. ಯಾವ ಕಾಲದ್ದೆಂದು ಮಾತ್ರ ಹೇಳಲಿಲ್ಲ.

ಈಗ ಮದುವೆಮನೆಗೆ ಹೋದರೂ ಊಟದೆಲೆಗಿಂತ ಮುಂಚೆ ಹೊರಗೆ ನಿಂತ ಕಾರುಗಳ ಡಿಪ್‌ಸ್ಟಿಕ್ ಎಳೆಯುತ್ತಾರೆ. ಯಾರದಾದರೂ ಎಣ್ಣೆ ಹಳತಾಗಿದ್ದರೆ ಆಯಿತು, ಪಾಠ ಶುರು: ‘ಬರೀ ಸುರೀತಾ ಇದ್ರೆ ಆಯ್ತದಾ? ನಾನು ಮೊದ್ಲಿಂದ್ಲೂ ಹೇಳ್ತಾನೇ ಇವ್ನಿ. ಕೆರೆ ಅಂದ್ಮೇಲೆ ಹೂಳೆತ್ತಬೇಕಲ್ವೇನಯ್ಯ?’