ಬ್ಯಾಟ್ರಿ ಪ್ರಕರಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಮಕ್ಕಳಿಗೆಲ್ಲ ಒಂದೇ ಪಠ್ಯಪುಸ್ತಕ. ಆದರೆ ನಾಲ್ಕೂ ತಾಲ್ಲೂಕಿನವರನ್ನು ಒಂದೇ ಅಡುಗೆಮನೆಯಲ್ಲಿ ಬಿಟ್ಟು ನೋಡಿ. ಅಮ್ಮನ ಒರಳು ಪಾವಗಡದ ನನ್ನ ಹೆಂಡತಿಗೆ ರೋಲು. ಅಮ್ಮನ ಬೀರು ಅವಳಿಗೆ ಬೀರುವಾ. ಎಲ್ಲರನ್ನೂ ಒಂದು ಮಾಡಲು ಬಂದ ಮಿಕ್ಸಿ, ಕೊರಟಗೆರೆ ಚಿಕ್ಕಮ್ಮನ ಬಾಯಲ್ಲಿ ಮಿಸ್ಕಿಯಾಯಿತು. ಇಂಥ ವ್ಯಾಜ್ಯಗಳಿಗೆಲ್ಲ ನಾನೇ ಜಡ್ಜು. ಯಾರೂ ನೇಮಿಸಿದ್ದಲ್ಲ.

ನಮ್ಮ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಎಲ್ಲರೂ ಸೇರಿದ್ದೆವು. ಮುದ್ದೆ ಮುರಿಯುವ ಹೊತ್ತಿಗೆ ಕರೆಂಟು ಹೋಯಿತು.

"ಬ್ಯಾಟ್ರಿ ತಗೊಂಡ್ಬಾರೋ" ಅಂದಳು ಅಮ್ಮ.

"ಎರಡೇ ಪರ್ಸೆಂಟ್ ಇದೆ ಅಜ್ಜಿ" ಅಂದ ಮಗ, ಮೊಬೈಲು ಸವರುತ್ತಾ.

"ಬ್ಯಾಟ್ರಿಗೆ ನೀರು ಹಾಕ್ಸಿಲ್ವೇನಕ್ಕ?" ಯುಪಿಎಸ್ ನೆನೆದು ಚಿಕ್ಕಮ್ಮ ಕೇಳಿದಳು.

"ಅತ್ತೆ ಕೇಳ್ತಿರೋದು ಟಾರ್ಚಿಲೈಟು" ಅಂದಳು ಹೆಂಡತಿ.

ಅದು ಬೀರುವಿನ ಮೇಲಿದ್ದದ್ದು ನನಗೆ ಗೊತ್ತಿತ್ತು. ಎದ್ದು ತರಬಹುದಿತ್ತು. ಆದರೆ ಇಷ್ಟು ಒಳ್ಳೆಯ ಕೇಸು ಮತ್ತೆ ಸಿಗುತ್ತದೆಯೇ? "ಯಾರೂ ಏಳಬೇಡಿ, ಮೊದಲು ಹೆಸರು ತೀರ್ಮಾನವಾಗಲಿ" ಅಂದೆ. ಕತ್ತಲಲ್ಲೇ ವಿಚಾರಣೆ ಶುರುವಾಯಿತು. ಹೊಟ್ಟೆಯೊಳಗಿನ ವಸ್ತುವಿನ ಹೆಸರನ್ನು ಮೈಗೆ ಇಡುವುದು ಸರಿಯೇ ಎಂದು ಪಾಟೀಸವಾಲು ಹಾಕಿದೆ. "ಒಳಗಿರೋದು ಸೆಲ್ಲು, ಹೊರಗಿರೋದು ಬ್ಯಾಟ್ರಿ. ಅಷ್ಟೂ ತಿಳಿಯಲ್ವಾ?" ಎಂದು ಅಮ್ಮ ಒಂದೇ ಏಟಿಗೆ ವಾದ ಮುಗಿಸಿದಳು. ರಾತ್ರಿ ತ್ರೀ ಫೇಸ್ ಬಂದಾಗ ಮೋಟ್ರು ಹಾಕಲು ಹೋಗುವ ಶಿರಾದ ಭಾವ ಅಮ್ಮನ ಪರ ಸಾಕ್ಷಿ ನುಡಿದರು: "ಬ್ಯಾಟ್ರಿ ಬಿಟ್ಟರೆ ಹಾವು ಸರ್ಕೊಳ್ಳುತ್ತೆ. ಟಾರ್ಚಿಲೈಟು ಅಂದ್ರೆ ನಮ್ಮ ಹಾವಿಗೆ ಅರ್ಥ ಆಗಲ್ಲ." ಎಲ್ಲರ ಎಂಜಲು ಕೈ ಒಣಗಿತು. ಯಾರೋ ಸಾರಿನ ಪಾತ್ರೆಯೆಂದು ನೀರಿನ ಚೊಂಬಿಗೆ ಸೌಟು ಅದ್ದಿದರು. ನಾನು ಕಲಾಪ ಮುಂದುವರಿಸಿದೆ.

ಹೆಂಡತಿಯನ್ನು ಕೆಣಕಿದೆ: "ನಿಮ್ಮ ತಿರುಮಣಿ ಕಡೆ 2,050 ಮೆಗಾವಾಟ್ ಸೋಲಾರ್ ಇಟ್ಕೊಂಡು ಟಾರ್ಚಿಲೈಟು ಯಾಕೆ?"

"ಸೋಲಾರಿಗೆ ನಮ್ಮ ಕಡೆ ಪ್ಲೇಟು ಅಂತೀವಿ. 13,000 ಎಕರೆ ತುಂಬಾ ಪ್ಲೇಟು ಹಾಸಿದ್ದಾರೆ. ಜಮೀನಿದ್ದವರಿಗೆ ಗುತ್ತಿಗೆ ದುಡ್ಡು ಬಡಿಸಿದ್ರು. ಅಲ್ಲಿ ಕಡ್ಲೆಕಾಯಿ ಕೀಳೋ ಕೂಲಿಗೆ ಹೋಗ್ತಿದ್ದವರ ಪ್ಲೇಟಿಗೆ ಏನು ಬಿತ್ತು ರೀ?"

ನ್ಯಾಯಪೀಠ ಕೆಮ್ಮಿತು. ತೀರ್ಪು ಕಾಯ್ದಿರಿಸಲಾಯಿತು.

ಅಮ್ಮ ಗೋಡೆ ತಡಕಾಡಿಕೊಂಡು ಹೋಗಿ ಅದನ್ನು ತಂದು ಗುಂಡಿ ಒತ್ತಿದಳು. ಹತ್ತಲಿಲ್ಲ. ಸೆಲ್ಲು ತಂದು ಹಾಕಬೇಕಾಗಿದ್ದವರು ಯಾರು ಎಂಬ ವಿಷಯದಲ್ಲಿ ಮಾತ್ರ ನಾಲ್ಕೂ ತಾಲ್ಲೂಕಿನವರು ಒಂದೇ ಹೆಸರು ಹೇಳಿದರು.